ಅಡಕೆ ತೋಟದ ಮನೆಯಲ್ಲಿ ಕ್ಲೌನ್ ಮೀನಿನ ಮರಿ

ಬಿಳಿ ಪಟ್ಟೆಯ ಸಣ್ಣ ಕಡಲ ಮೀನು ಕ್ಲೌನ್, ಅದರ ಈ ಸಲದ ಮರಿಗಳನ್ನು ನಿನ್ನೆ ಎಣಿಸಿದೆ. 73. ಮೊದಲ ಸಲ ಎಣಿಸಿದಾಗ 71 ಬಂದಿತ್ತು. ಅವು ನಿಂತಲ್ಲಿ ನಿಲ್ಲುವುದಿಲ್ಲವಲ್ಲ, 70ರ ಮೇಲೆ ಅಂತ ಇಟ್ಟುಕೊಳ್ಳಿ. ಎಲ್ಲದಕ್ಕೂ ತಲೆಯ ಹಿಂದಿನ ಬಿಳಿ ಪಟ್ಟೆ ಬಂದಿದೆ. ಮುಕ್ಕಾಲು ಪಾಲಿಗೆ ನಡುವಿನ ಪಟ್ಟೆಯೂ ಬಂದಿದೆ. ನಾಲ್ಕು ವರ್ಷದ ಹಿಂದೆ ಇದೇ ದನದ ಹಟ್ಟಿಯಲ್ಲಿ ಟಾರ್ಚ್ ಹಿಡಿದು ಸತ್ತ ಮರಿ ಹೆಕ್ಕುತ್ತಿದ್ದವ ನಾನು. ಹಾಗಾಗಿ ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ. ಕುಂಬಳೆ ಕಡಲಿಗೆ ಹೆಚ್ಚುಕಮ್ಮಿ 20 ಕಿಲೋಮೀಟರ್. ಎದುರು ಅಡಕೆ ತೋಟ, ಹಿಂದೆ ಗುಡ್ಡ. ಇಲ್ಲಿ ಕೂತು ಕಡಲ ಮೀನಿನ ಮರಿ ಮಾಡುತ್ತೇನೆ ಅಂದಾಗ ಅಕ್ವೇರಿಯಂ ಅಂಗಡಿಯವರೊಬ್ಬರು, "ಇಂಪೋರ್ಟೆಡ್ ಉಪ್ಪು ತಗೊಳ್ಳಿ, ಆರ್‌ಒ ಹಾಕಿಸಿ, ಚಿಲ್ಲರ್ ಇಡಿ, ಮತ್ತೆ ಮಾತಾಡುವ" ಅಂದರು. ಭಾವನದ್ದು ಬೇರೆಯೇ ಕುಶಾಲು. "ತೆಂಗಿನ ಬುಡಕ್ಕೆ ಹಾಕಿದ ಉಪ್ಪು ಒಂದು ಗೋಣಿ ಉಳಿದಿದೆ, ಬೇಕಾ?" ಅಂತ ಕೇಳಿದ. ಅಂಗಡಿಯವರು ಹೇಳಿದ ಮೂರೂ, ಅಂದರೆ ಹೊರದೇಶದ ಉಪ್ಪು, ನೀರು ಶುದ್ಧ ಮಾಡುವ ಆರ್‌ಒ, ನೀರು ತಂಪು ಮಾಡುವ ಚಿಲ್ಲರ್, ಇಲ್ಲದೆ ಮರಿ ಆಗಿವೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು.

ಶುರುವಿನಲ್ಲಿ ನನಗೆ ಬೇಕಿದ್ದದ್ದು ಕ್ಲೌನ್ ಅಲ್ಲ, ಕಡಲಕುದುರೆ ಮತ್ತು ಹವಳ. 2020ರ ಲಾಕ್‌ಡೌನಿನಲ್ಲಿ ಹೊರಗಿನ ದೇಶದವರ ವಿಡಿಯೋ ನೋಡಿ ಹಿಡಿದ ಮರುಳು. ಆಮೇಲೆ ಗೊತ್ತಾಯಿತು, ಕಡಲಕುದುರೆಯನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಂರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಗಟ್ಟಿ ಹವಳವೂ ಅದೇ ಪಟ್ಟಿಯಲ್ಲಿದೆ. ಮನೆಯಲ್ಲಿ ಇಟ್ಟು ಫೋಟೋ ಹಾಕಿದರೆ ನಾವೇ ಸಾಕ್ಷಿ ಕೊಟ್ಟ ಹಾಗೆ. ನನಗೆ ನೀರು ತಂದುಕೊಡುವ ದೋಣಿಯವರು ಒಮ್ಮೆ ಬಲೆಗೆ ಸಿಕ್ಕಿದ ಕುದುರೆಯೊಂದನ್ನು ಬಾಟಲಿಯಲ್ಲಿ ಹಾಕಿಟ್ಟಿದ್ದರು. ಬಾಲವನ್ನು ಒಂದು ಪಾಚಿಯ ಕಡ್ಡಿಗೆ ಸುತ್ತಿ ಸುಮ್ನೆ ನಿಂತಿತ್ತು. ಐದು ನಿಮಿಷ ನೋಡಿದೆ. ಆಸೆ ಆಗಲಿಲ್ಲ ಅಂದರೆ ಸುಳ್ಳು. ವಾಪಸ್ ಬಿಡಿಸಿದೆ. ಹವಳ ಇಲ್ಲ ಅಂದ ಮೇಲೆ ಹವಳದ ಕಲ್ಲೂ ಇಲ್ಲ. ಆ ಜಾಗಕ್ಕೆ ಬಂದದ್ದು ಒಡೆದ ಮಂಗಳೂರು ಹೆಂಚು.

ಹೆಂಚಿಗೆ ಮೊದಲು ಕೆಂಪುಕಲ್ಲು ಹಾಕಿ ನೋಡಿದ್ದೆ. ತೂತು ತೂತು ಇದೆ, ನೀರು ಶುಚಿ ಮಾಡುವ ಬ್ಯಾಕ್ಟೀರಿಯಾ ಕೂರಲಿಕ್ಕೆ ಒಳ್ಳೆಯದು ಅಂತ ಲೆಕ್ಕ. ಹದಿನೈದು ದಿನ ತೊಳೆದರೂ ಹುಡಿ ಬಿಡುವುದು ನಿಲ್ಲಲಿಲ್ಲ. ನೀರು ಚಹಾದ ಬಣ್ಣ, ಮೇಲಿಂದ ಹಸಿರು ಪಾಚಿ. ಎರಡು ತಿಂಗಳು ದಂಡ. ಹಳೆಯ ಹೆಂಚು ಹಾಗಲ್ಲ. ಮಾಡಿನಲ್ಲಿ ಐವತ್ತು ಮಳೆಗಾಲ ನೆನೆದದ್ದು, ಬಿಡುವುದನ್ನೆಲ್ಲ ಯಾವತ್ತೋ ಬಿಟ್ಟಾಗಿದೆ. ಸಂಪಿನಲ್ಲಿ (ಟ್ಯಾಂಕಿನ ನೀರು ಸೋಸುವ ತೊಟ್ಟಿ) ಅದರ ಚೂರು, ಟ್ಯಾಂಕಿನಲ್ಲಿ ಒಂದು ಅರ್ಧ ಹೆಂಚು ಒರಗಿಸಿ ಇಟ್ಟದ್ದು. ಜೋಡಿ ಮೊಟ್ಟೆ ಇಡುವುದು ಅದರ ಮೇಲೇ. ಆನಿಮೋನ್ (ಕಡಲಲ್ಲಿ ಕ್ಲೌನ್ ಮನೆ ಮಾಡುವ, ಹೂವಿನಂಥ ಜೀವಿ) ಇಲ್ಲದೆ ಕ್ಲೌನ್ ಮೊಟ್ಟೆ ಇಡುವುದಿಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಬಂದು ನೋಡಲಿ.

ಈಗ ನೀರಿನ ಕಥೆ. ಮೊದಲ ಸಲ ಬುದ್ಧಿ ಇಲ್ಲದೆ ಜೂನ್ ಕೊನೆಗೆ ಶಿರಿಯ ಹೊಳೆ ಕಡಲು ಸೇರುವ ಕಡೆಯಿಂದಲೇ ತುಂಬಿಸಿ ತಂದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾವಿರಕ್ಕೆ 20 ಚಿಲ್ಲರೆ ತೋರಿಸಿತು, ಜೊತೆಗೆ ಕೆಸರು. ಅದಕ್ಕೆ ಅಡುಗೆಯ ಕಲ್ಲುಪ್ಪು ಹಾಕಿ 33ಕ್ಕೆ ಏರಿಸಿದೆ. ಭಾವನ ಕುಶಾಲಿಗೂ ನನ್ನ ಕೆಲಸಕ್ಕೂ ಏನೂ ವ್ಯತ್ಯಾಸ ಇರಲಿಲ್ಲ ಅಲ್ವಾ! ಉಪ್ಪಿನ ಗದ್ದೆಯಲ್ಲಿ ಹರಳಾಗುವುದು ಬರೀ ಅಡುಗೆ ಉಪ್ಪು. ಮೆಗ್ನೀಸಿಯಂ ಎಲ್ಲ ಉಳಿದ ನೀರಿನಲ್ಲೇ ಹೋಗುತ್ತದೆ. ಮೀಟರ್ ಸರಿ ತೋರಿಸಿತು, ಮೀನು ಒಂಬತ್ತನೇ ದಿನ ಸತ್ತಿತು. 1,600 ರೂಪಾಯಿಯ ಜೋಡಿ.

ಈಗ ನನ್ನ ಕ್ರಮ ಬೇರೆ. ವರ್ಷದ ನೀರನ್ನು ಏಪ್ರಿಲ್ ಮತ್ತು ಮೇ ಮೊದಲ ವಾರದ ಒಳಗೆ ತಂದು ಮುಗಿಸುವುದು. ಆಗ ನಮ್ಮ ಕಡಲಿನಲ್ಲಿ 34, 35 ಇರುತ್ತದೆ. ದಡದ ನೀರು ಬೇಡ, ದೋಣಿಯಲ್ಲಿ ಸ್ವಲ್ಪ ಆಚೆ ಹೋಗಿ ತುಂಬಿಸಬೇಕು. ದೋಣಿಯವರಿಗೆ ಮೊದಮೊದಲು ನಗು. "ಉಪ್ಪು ನೀರಿಗೆ ದುಡ್ಡು ಕೊಡುವವರನ್ನು ಇವತ್ತೇ ನೋಡಿದ್ದು ಭಟ್ರೇ" ಅಂದಿದ್ದರು. ಒಂದು ಟ್ರಿಪ್ಪಿಗೆ 35 ಲೀಟರಿನ 20 ಕ್ಯಾನ್. ಪಿಕಪ್‌ಗೆ 1,200, ದೋಣಿಗೆ 500. ನಾಲ್ಕೈದು ಟ್ರಿಪ್ಪಿನಲ್ಲಿ ಸುಮಾರು 3,000 ಲೀಟರ್ ಆಗುತ್ತದೆ. ಎಲ್ಲ ಸೇರಿ ಏಳರಿಂದ ಎಂಟೂವರೆ ಸಾವಿರ. ನಾನು ವಿಚಾರಿಸಿದಾಗ ರೀಫ್ ಉಪ್ಪಿನ ಒಂದು ಬಕೆಟಿಗೆ ನಾಲ್ಕೂವರೆ ಸಾವಿರ ಇತ್ತು, 600 ಲೀಟರ್ ಚಿಲ್ಲರೆ ಆಗುತ್ತದೆ. ಲೆಕ್ಕ ನೀವೇ ಹಾಕಿ.

ಅಡಕೆ ಒಣಗಿಸಿ ಮುಗಿದ ಅಂಗಳ ಮೇ ತಿಂಗಳಲ್ಲಿ ಖಾಲಿ. ಅಲ್ಲಿ ಸಲಾಕೆಯ ಅಂಚು ಕಟ್ಟಿ, ಹೊಸ ಟಾರ್ಪಾಲು ಹಾಸಿ, ಅರ್ಧ ನೀರನ್ನು ಬಿಸಿಲಿಗೆ ಬಿಡುತ್ತೇನೆ. 40 ದಾಟಿದ ಕೂಡಲೇ ಎತ್ತಿ ಡ್ರಮ್ಮಿಗೆ. ಜಾಗ ಉಳಿಯುತ್ತದೆ, ಬೇಕಾದಾಗ ಸಿಹಿನೀರು ಸೇರಿಸಿದರಾಯಿತು. ಒಂದು ವರ್ಷ ಮೇ 20ರ ಆಸುಪಾಸು ರಾತ್ರಿ ಒಂದು ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ 40 ಇದ್ದದ್ದು 26. ಮಾಡಿನ ನೀರೂ ಅದಕ್ಕೇ ಇಳಿದಿತ್ತು. ಅಮ್ಮ ಏನೂ ಹೇಳಲಿಲ್ಲ, ಬರೀ ಕೊಡೆ ತಂದುಕೊಟ್ಟರು.

ರೋಗಾಣು ಸಾಯಲಿಕ್ಕೆ ಡ್ರಮ್ಮಿನ ನೀರಿಗೆ ಬ್ಲೀಚಿಂಗ್ ಪುಡಿ, 1,000 ಲೀಟರಿಗೆ 30 ಗ್ರಾಂ ಹತ್ತಿರ. ಎರಡು ದಿನ ಗಾಳಿ ಬಿಟ್ಟು, ಉಳಿದ ಕ್ಲೋರಿನ್ ತೆಗೆಯಲಿಕ್ಕೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಿ, ಅದು ಪೂರ್ತಿ ಹೋಗಿದೆ ಅಂತ ಟೆಸ್ಟ್ ಡ್ರಾಪ್ಸ್ ಹಾಕಿ ನೋಡಿ, ಮುಚ್ಚಿ ಕತ್ತಲಲ್ಲಿ ಇಡುವುದು. ಕಡಲ ಮೀನು ಸಾಕುವವರಿಗೆ ಇದು ಗೊತ್ತಿರುವುದೇ.

ಸಿಹಿನೀರಿಗೆ ಆರ್‌ಒ ಯಾಕೆ ಬೇಡ ಅಂದರೆ ನಮಗೆ ಸುರಂಗ ಇದೆ. ಅಜ್ಜ ನೀರಿಗಾಗಿ ಗುಡ್ಡಕ್ಕೆ ಅಡ್ಡ ತೋಡಿಸಿದ್ದು. ಮಳೆಗಾಲದಲ್ಲಿ ಧಾರೆ, ಬೇಸಿಗೆಯಲ್ಲಿ ಬೆರಳು ದಪ್ಪ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 35 ತೋರಿಸುತ್ತದೆ. ಅಂಗಡಿಯ ಆರ್‌ಒ ನೀರು ತಂದು ಹೋಲಿಸಿದೆ, ಅದು 28. ಏಳು ಅಂಕದ ವ್ಯತ್ಯಾಸಕ್ಕೆ ಹನ್ನೆರಡು ಸಾವಿರ ಕೊಡುವಷ್ಟು ಅಡಕೆ ನಮ್ಮಲ್ಲಿ ಬೆಳೆಯುವುದಿಲ್ಲ. ಸ್ವಲ್ಪ ಹುಳಿ ನೀರು, ಪಿಎಚ್ ಕಡಿಮೆ. ಅದಕ್ಕೆ ಚಿಪ್ಪಿನ ಸುಣ್ಣದ ತಿಳಿ ಹನಿ ಹನಿ ಬಿಡುತ್ತೇನೆ. ಒಂದು ದಿನ ಅವಸರದಲ್ಲಿ ಲೋಟದಲ್ಲೇ ಹೊಯ್ದೆ. ಪಿಎಚ್ 9ರ ಹತ್ತಿರ ಹಾರಿ ಗಂಡು ಮೀನು ಹೋಯಿತು. ಹೊಸ ಗಂಡು ಒಗ್ಗಿಕೊಳ್ಳಲಿಕ್ಕೆ ಏಳು ತಿಂಗಳು. ಕ್ಲೌನ್ ಎಲ್ಲ ಗಂಡಾಗಿಯೇ ಇದ್ದು ದೊಡ್ಡದು ಹೆಣ್ಣಾಗುವುದಲ್ವಾ, ಹಾಗಾಗಿ ಚಿಕ್ಕದನ್ನೇ ತರಬೇಕು. ನಾನು ತಂದದ್ದು ದೊಡ್ಡದು, ಜೋರಿನದ್ದು. ಹೆಣ್ಣು ಅದರ ಬಾಲ ಹರಿದು ಹಾಕಿತು. ಮೂರನೆಯದ್ದು ತಂದ ಮೇಲೆ ಸರಿಯಾಯಿತು.

ತಾಯಿ ಮೀನಿಗೆ ಸಿಗಡಿ, ಮರುವಾಯಿ (ಚಿಪ್ಪಿನ ಜೀವಿ) ಕೊಚ್ಚಿ ಹಾಕಬೇಕು. ನಮ್ಮದು ಕೋಳಿಮೊಟ್ಟೆಯನ್ನೂ ತಿನ್ನದ ಮನೆ. ಫ್ರಿಜ್ಜಿನಲ್ಲಿ ಸಿಗಡಿ ಕಂಡ ದಿನ ಅಮ್ಮ, "ಎಂತರ ಇದು?" ಅಂದದ್ದು ಮಾತ್ರ. ಅವತ್ತು ಹಾಲು, ಮೊಸರು ಎಲ್ಲ ಹೊರಗೆ. ಸಂಜೆಯೇ 2,500 ರೂಪಾಯಿಗೆ ಹಳೆಯ ಫ್ರಿಜ್ ತಂದು ಹಟ್ಟಿಯಲ್ಲಿಟ್ಟೆ. ಟ್ಯಾಂಕುಗಳೂ ಅದರ ಹಿಂದೆಯೇ ಹೊರಟವು. ದನ ಇಲ್ಲದ ಹಟ್ಟಿ ಹೀಗೆ ಹ್ಯಾಚರಿ ಆಯಿತು. ಬೇಸಿಗೆಯಲ್ಲಿ 32 ಡಿಗ್ರಿ ಮುಟ್ಟುತ್ತದೆ. ಒಂದು ಟೇಬಲ್ ಫ್ಯಾನ್ ನೀರಿನ ಮೇಲೆ ತಿರುಗಿಸಿದರೆ 29ಕ್ಕೆ ಇಳಿಯುತ್ತದೆ. ಚಿಲ್ಲರ್ ಕಥೆ ಅಲ್ಲಿಗೆ ಮುಗಿಯಿತು.

ಮೊಟ್ಟೆ ಸಿಗುವುದು ಕಷ್ಟ ಅಲ್ಲ. ಮರಿಯ ಮೊದಲ ಹತ್ತು ದಿನವೇ ಎಲ್ಲ. ಮೊದಲ ಪಡೆಗೆ ಕೋಳಿಮೊಟ್ಟೆಯ ಹಳದಿ ಕದಡಿ ಹಾಕಿದೆ, ಮೂರನೇ ದಿನ ಎಲ್ಲ ಸತ್ತವು. ಎರಡನೆಯದಕ್ಕೆ ರೋಟಿಫರ್ ತರಿಸಿದೆ, ಮರಿ ತಿನ್ನುವ ತೀರಾ ಸಣ್ಣ ಜೀವಿ. ಆದರೆ ಅದು ತಿನ್ನುವ ಹಸಿರು ನೀರು, ಅಂದರೆ ಸೂಕ್ಷ್ಮ ಪಾಚಿ ಬೆಳೆಸಿದ ನೀರು, ಸಾಕಾಗಲಿಲ್ಲ. ಮೂರನೆಯದು ಎಂಟನೇ ದಿನದ ವರೆಗೆ ಬಂತು. ಆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಗಾಳಿ ಪಂಪು ನಿಂತದ್ದು ನನಗೆ ಗೊತ್ತಾದದ್ದು ಬೆಳಗ್ಗೆ ಐದಕ್ಕೆ. ಅಂದೇ ಬ್ಯಾಟರಿ ಪಂಪು ತಂದೆ. ಇದೆಲ್ಲ ಸಾಮಾನ್ಯ ಪೆಟ್ಟು, ಎಲ್ಲರಿಗೂ ಬಿದ್ದದ್ದೇ.

ಅರ್ಥ ಆಗದ್ದು ಮಳೆಗಾಲದ ಸಾವು. ಎರಡು ವರ್ಷ ಸತತವಾಗಿ ಜೂನ್, ಜುಲೈ ಬಂದ ಕೂಡಲೇ ರೋಟಿಫರ್ ಒಂದೇ ರಾತ್ರಿಗೆ ಸತ್ತು ತಳಕ್ಕೆ. ಡಿಸೆಂಬರಿನಲ್ಲಿ ಅದೇ ಬಕೆಟ್, ಅದೇ ಹಸಿರು ನೀರು, ತೊಂದರೆ ಇಲ್ಲ. ಉಷ್ಣತೆ ನೋಡಿದೆ, ಉಪ್ಪು ನೋಡಿದೆ, ಅಮೋನಿಯಾ ನೋಡಿದೆ. ಹೊಸ ರೋಟಿಫರ್ ಬೀಜಕ್ಕೆ ಮತ್ತೆ ಮತ್ತೆ ದುಡ್ಡು ಸುರಿದೆ, ಕೊರಿಯರ್ ಸೇರಿ ಒಟ್ಟು ಹತ್ತು ಸಾವಿರ ಆಗಿರಬಹುದು. ದೊಡ್ಡ ಮೀನು ಆರಾಮಾಗಿತ್ತು. ಗಾಜಿನ ಮೇಲಿನ ಬಸವನಹುಳು ಮಾತ್ರ ಒಂದೊಂದಾಗಿ ಕೆಳಗೆ ಉದುರಿತು. ಅಲ್ಲಿಯೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಒಂದು ಮಗ್ಗಿನಿಂದ. ರೋಟಿಫರ್ ಅಳೆಯುವ ಬಿಳಿ ಮಗ್ಗಿನ ತಳದಲ್ಲಿ ತೆಳು ನೀಲಿ ಕಲೆ. ತೋಟಕ್ಕೆ ಮದ್ದು ಬಿಡುವ ದಿನ ಕೆಲಸದವರು ಅದೇ ಮಗ್ಗಿನಲ್ಲಿ ಮೈಲುತುತ್ತು ಕದಡಿದ್ದಾರೆ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ಮಳೆಗಾಲ ಶುರುವಿನಲ್ಲಿ. 100 ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಅಂದರೆ ತಾಮ್ರ. ಮೀನು ತಡೆಯುತ್ತದೆ, ಮೀನಿನ ರೋಗಕ್ಕೇ ತಾಮ್ರ ಹಾಕುತ್ತಾರಲ್ಲ. ರೋಟಿಫರ್, ಬಸವನಹುಳು, ಸಿಗಡಿ ತಡೆಯುವುದಿಲ್ಲ. ಮಗ್ಗು ಒಂದೇ ಅಲ್ಲ. ಮದ್ದಿನ ಡ್ರಮ್ಮನ್ನೇ ನಾನು ತೊಳೆದು ಕಡಲ ನೀರಿಗೆ ಬಳಸಿದ್ದೆ. ಮದ್ದು ಕದಡುತ್ತಿದ್ದದ್ದು ಹಟ್ಟಿಯ ಬಾಗಿಲಲ್ಲಿ. ನನ್ನ ಕೈಯಲ್ಲೂ ತುತ್ತು. ತಾಮ್ರದ ಟೆಸ್ಟ್ ಕಿಟ್ ತರಿಸಿದೆ, ಬಣ್ಣ ಬಂತು. ಎರಡು ವರ್ಷ ಕಡಲನ್ನೂ ಕೊರಿಯರಿನವರನ್ನೂ ಬೈದದ್ದು ಸುಮ್ನೆ.

ಹಳೆಯ ಡ್ರಮ್ ಎಲ್ಲ ತೋಟಕ್ಕೆ ಕೊಟ್ಟೆ. ಹೊಸ ನಾಲ್ಕು ತಂದೆ. ಹಟ್ಟಿಯ ಮಗ್ಗು, ಪೈಪು ಎಲ್ಲದಕ್ಕೂ ಕೆಂಪು ಟೇಪು. ಮದ್ದು ಕದಡುವುದು ತೋಟದ ಆಚೆ ಬದಿಯಲ್ಲಿ. ಆ ದಿನಗಳಲ್ಲಿ ನಾನು ತಲೆಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಹಟ್ಟಿಗೆ ಕಾಲಿಡುವುದು. ಯಾರೂ ಮುಟ್ಟಬಾರದು ಅಂತಲೂ ಹೇಳಿದೆ. ಅಮ್ಮ ಕೇಳಿ ನಕ್ಕರು. "ಈಗ ಮಡಿ ಎಂದರೆ ಎಂತ ಅಂತ ಗೊತ್ತಾಯ್ತಲ್ಲ ನಿನಗೆ."

ಆ ಮಳೆಗಾಲ ರೋಟಿಫರ್ ಸಾಯಲಿಲ್ಲ. 11 ಮರಿ ಉಳಿದವು. ಆಮೇಲಿನ ಪಡೆಗಳಲ್ಲಿ 40 ಹತ್ತಿರ, ಈಗ 73. ಮೊಟ್ಟೆ ಇನ್ನೂರರ ಮೇಲೆ ಇರುತ್ತದೆ, ಹಾಗಾಗಿ ಮೂರರಲ್ಲಿ ಒಂದು ಉಳಿದ ಲೆಕ್ಕ. ದೊಡ್ಡ ಹ್ಯಾಚರಿಯವರಿಗೆ ಇದು ನಗು ಬರುವ ಸಂಖ್ಯೆ. ಹಟ್ಟಿಯಲ್ಲಿ ಮಾಡಿದವರಿಗೆ ಅಲ್ಲ.

ಹಸಿರು ನೀರಿಗೆ ನಾನು ಲ್ಯಾಬಿನ ಮೀಡಿಯಂ ತರುವುದಿಲ್ಲ, ತೋಟದ ಗೊಬ್ಬರವೇ. ಯಾವುದು ಎಷ್ಟು ಅಂತ ಹೇಳುವುದಿಲ್ಲ, ಅದಕ್ಕೆ ನಾನು 14 ಬಾಟಲಿ ಹಾಳು ಮಾಡಿದ್ದೇನೆ. ಮರಿ ಟ್ಯಾಂಕಿನ ಬದಿಗಳಿಗೆ ಕಪ್ಪು ಹಾಳೆ ಅಂಟಿಸುವುದು ಎಲ್ಲರಿಗೂ ಗೊತ್ತು. ಬೆಳಕು ಎಲ್ಲಿಂದ, ಎಷ್ಟು ಹೊತ್ತು ಅನ್ನುವುದೂ ಸದ್ಯ ನನ್ನ ಹತ್ತಿರವೇ ಇರಲಿ. ಒಂದು ಮಾತ್ರ ಹೇಳುತ್ತೇನೆ, ಮರಿಗೆ ತಿನ್ನಿಸುವ ಆರ್ಟೀಮಿಯಾಕ್ಕೆ (ರೋಟಿಫರಿಗಿಂತ ದೊಡ್ಡ, ಸಿಗಡಿ ಜಾತಿಯ ಪುಟ್ಟ ಜೀವಿ) ಅವಸರ ಮಾಡಬೇಡಿ. ಆರನೇ ದಿನ ಸ್ವಲ್ಪ, ರೋಟಿಫರ್ ಜೊತೆಯಲ್ಲೇ. ಹೊಟ್ಟೆ ಕೆಂಪಾಗಿ ಉಬ್ಬಿದ ಮರಿ ಚೆಂದ ಕಾಣುತ್ತದೆ, ಮರುದಿನ ಕಾಣುವುದಿಲ್ಲ.

ದುಡ್ಡು. ಇಲ್ಲಿವರೆಗೆ ಒಂದು ಲಕ್ಷ ಎಂಬತ್ತು ಸಾವಿರದ ಹತ್ತಿರ ಹೋಗಿದೆ, ಹೆಂಡತಿಗೆ ಗೊತ್ತಿರುವ ಲೆಕ್ಕ ಒಂದು ಲಕ್ಷ ಹತ್ತು. ಆರ್ಟೀಮಿಯಾ ಡಬ್ಬಿಯೇ ಒಂದಕ್ಕೆ ಐದು ಸಾವಿರ. ಮರಿ ಮೂರು ತಿಂಗಳಿಗೆ ಒಂದು ಇಂಚು ಆದ ಮೇಲೆ ಅಂಗಡಿಗೆ 180ಕ್ಕೆ ಕೊಡುತ್ತೇನೆ. ಮೊದಲು 120 ಅಂದಿದ್ದರು. ಹೊರಗಿಂದ ಬಂದ ಮೀನು ಅವರಲ್ಲಿ ವಾರದಲ್ಲಿ ಅರ್ಧ ಸಾಯುತ್ತಿತ್ತು, ನನ್ನದು ಸಾಯಲಿಲ್ಲ. ಆಮೇಲೆ ಅವರೇ ಫೋನ್ ಮಾಡಿದರು. ಹೋದ ವರ್ಷ 30 ಸಾವಿರದಷ್ಟು ಬಂದಿರಬಹುದು. ಒಂದು ಕ್ವಿಂಟಾಲ್ ಅಡಕೆಯ ದುಡ್ಡೂ ಅಲ್ಲ. ಆದರೆ ಇದಕ್ಕೆ ಕೊಳೆರೋಗ ಇಲ್ಲ. ಭಾವ ಮೊನ್ನೆ ಮಗಳಿಗೆ ಅಂತ ಒಂದು ಜೋಡಿ ಕೇಳಿದ. ಉಪ್ಪಿನ ಗೋಣಿ ಜೊತೆಗೆ ತಾ ಅಂದೆ.

ಈಗ ಸಂಜೆ ಆರೂವರೆ. ಹೆಂಚಿನ ಮೇಲಿನ ಹೊಸ ಮೊಟ್ಟೆಗೆ ಇವತ್ತು ಏಳನೇ ದಿನ, ಕಣ್ಣುಗಳು ಬೆಳ್ಳಿಯ ಹಾಗೆ ಮಿನುಗುತ್ತಿವೆ. ಕತ್ತಲಾದ ಮೇಲೆ ಒಡೆಯುತ್ತವೆ. ಅದರ ಮೊದಲು ಹೆಂಚನ್ನು ಮರಿ ಟ್ಯಾಂಕಿಗೆ ದಾಟಿಸಬೇಕು. ಬೆಳಗ್ಗಿನಿಂದ ತೋಟದಲ್ಲಿ ಮದ್ದು ಬಿಡುತ್ತಿದ್ದೆ, ಸ್ನಾನಕ್ಕೆ ಹೊರಟೆ.