ಬಿರುನಾಣಿಯಿಂದ ಕಾಲೇಜು ತಂಡಕ್ಕೆ: ಹಾಕಿ ಸೀಟು ಹುಡುಕಿದ ನನ್ನ ಅನುಭವ

ಕೊಡಗಿನವಳು ಅಂದ ಕೂಡಲೇ ಹೊರಗಿನವರು ಹಾಕಿಯ ಮಾತು ತೆಗೆಯುತ್ತಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಆಮೇಲೆ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್. ಇಷ್ಟು ಹೆಸರಿರುವ ಜಿಲ್ಲೆಯಲ್ಲಿ ಚೆನ್ನಾಗಿ ಆಡುವ ಹುಡುಗಿಯನ್ನು ಕಾಲೇಜಿನವರೇ ಹುಡುಕಿಕೊಂಡು ಬರುತ್ತಾರೆ ಎಂದು ನಮ್ಮ ನೆಂಟರೆಲ್ಲ ನಂಬಿದ್ದರು. ಆದರೆ ನಮ್ಮೂರು ಬಿರುನಾಣಿಯವರೆಗೆ ಯಾರೂ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟೇ ಬರುವುದಿಲ್ಲ, ಕೋಚ್ ಎಲ್ಲಿಂದ ಬರಬೇಕು? ನಮ್ಮ ಆಟವನ್ನು ನಾವೇ ಅವರ ಕಣ್ಣಿಗೆ ಬೀಳುವಂತೆ ಮಾಡಬೇಕು. ನಾನು ಅದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಟ್ಯಾಕಲ್ ಕಲಿತದ್ದು ಕೊಡವ ಕೌಟುಂಬಿಕ ಹಾಕಿಯಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಈ ಪಂದ್ಯಾವಳಿಯಲ್ಲಿ 2024ರ ಹೊತ್ತಿಗೆ 360 ಕುಟುಂಬಗಳು ಆಡಿದವು. ಅಲ್ಲಿ ಹೆಣ್ಣುಮಕ್ಕಳೂ ಗಂಡಸರೂ ಒಂದೇ ತಂಡದಲ್ಲಿ ಇಳಿಯುತ್ತಾರೆ. ದಪ್ಪ ತೋಳಿನ ಚಿಕ್ಕಪ್ಪಂದಿರ ಸ್ಟಿಕ್‌ನಿಂದ ಚೆಂಡು ಕಿತ್ತುಕೊಂಡವಳಿಗೆ ಆಮೇಲೆ ಯಾರ ಭಯವೂ ಇರುವುದಿಲ್ಲ. ಆದರೆ ಕ್ರೀಡಾ ಕೋಟಾದ ಅರ್ಜಿಯಲ್ಲಿ ಕೇಳುವುದು ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಸರ್ಟಿಫಿಕೇಟ್. ಹಾಗಾಗಿ ಪಿಯುಸಿಯಲ್ಲಿ ಶಿಕ್ಷಣ ಇಲಾಖೆ ನಡೆಸುವ ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳನ್ನು ಒಂದೂ ಬಿಡಲಿಲ್ಲ. ಅವು ಬರುವುದು ಓದಿನ ಒತ್ತಡ ಹೆಚ್ಚಿರುವಾಗಲೇ. ಆದರೂ ಬಿಡಬಾರದು.

ಅಭ್ಯಾಸದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮಗೆ ಹತ್ತಿರದ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಇರುವುದು ಪೊನ್ನಂಪೇಟೆಯಲ್ಲಿ. ನನಗೆ ಅಲ್ಲಿಗೆ ಹೋಗಲು ಆಗುತ್ತಿದ್ದದ್ದು ಭಾನುವಾರ ಮಾತ್ರ. ಊರಿನ ಶಾಲಾ ಮೈದಾನ ಜೂನ್ ಬಂತೆಂದರೆ ಕೆಸರು ಗದ್ದೆ. ಅಲ್ಲಿ ಹೊಡೆದ ಚೆಂಡು ನಾಲ್ಕು ಹೆಜ್ಜೆಗೆ ನಿಂತುಬಿಡುತ್ತದೆ. ಟರ್ಫ್‌ಗೆ ನೀರು ಹಾಯಿಸಿರುತ್ತಾರೆ, ಚೆಂಡು ನೆಲ ಬಿಡದೆ ಜಾರಿಕೊಂಡು ಬರುತ್ತದೆ. ಕೆಸರಿಗೆ ಒಗ್ಗಿದ ಕೈಗೆ ಆ ವೇಗ ಸಿಗುವುದಿಲ್ಲ. ಸ್ಟಿಕ್ ತಗ್ಗಿಸುವಷ್ಟರಲ್ಲಿ ಚೆಂಡು ಕೆಳಗಿನಿಂದ ನುಸುಳಿರುತ್ತದೆ. ನನ್ನ ಕೈಗೆ ಆ ವೇಗ ಹತ್ತಿದ್ದು ಕಾಫಿ ಕಣದಲ್ಲಿ. ಕಾಫಿ ಕೊಯ್ಲು ಮುಗಿದು ಒಣಗಿಸಿ ಮೂಟೆ ಕಟ್ಟಿದ ಮೇಲೆ ಮಳೆಗಾಲವಿಡೀ ಸಿಮೆಂಟ್ ಕಣ ಖಾಲಿ ಇರುತ್ತದೆ. ಮಳೆ ಬಿದ್ದ ಸಿಮೆಂಟಿನ ಮೇಲೆ ಚೆಂಡು ಹೆಚ್ಚುಕಡಿಮೆ ಟರ್ಫ್‌ನ ಹಾಗೆಯೇ ಓಡುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿ ತೆಗೆದು, ಗೋದಾಮಿನ ಗೋಡೆಗೆ ಚೆಂಡು ಹೊಡೆದು, ಮರಳಿ ಬಂದದ್ದನ್ನು ಒಂದೇ ಸ್ಪರ್ಶದಲ್ಲಿ ನಿಲ್ಲಿಸುವುದು. ಮೊಣಕಾಲು ಬಗ್ಗಿಸಿ, ಎಡಗೈ ಮುಂದಕ್ಕೆ ಚಾಚಿ, ಸ್ಟಿಕ್ ಸ್ವಲ್ಪ ಮುಂದಕ್ಕೆ ವಾಲಿರಬೇಕು. ನೆಟ್ಟಗೆ ಹಿಡಿದರೆ ಚೆಂಡು ಮೇಲಕ್ಕೆ ಚಿಮ್ಮುತ್ತದೆ. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಗೋಡೆಯ ಸುಣ್ಣ ಹೋಯಿತೆಂದು ಒಂದು ದಿನವೂ ಗದರಲಿಲ್ಲ.

ದ್ವಿತೀಯ ಪಿಯುಸಿಯ ಪರೀಕ್ಷೆಗೆ ಮುಂಚೆಯೇ ಕಾಲೇಜುಗಳಿಗೆ ಬರೆಯಲು ಶುರು ಮಾಡಿದೆ. ಫಲಿತಾಂಶ ಬಂದ ಮೇಲೆ ಬರೆದರೆ ತಡವಾಗುತ್ತದೆ. ಅಷ್ಟರಲ್ಲಿ ತಂಡದ ಲೆಕ್ಕ ಅವರ ತಲೆಯಲ್ಲಿ ಮುಗಿದಿರುತ್ತದೆ. ಪ್ರಾಂಶುಪಾಲರಿಗಲ್ಲ, ನೇರ ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಅಂದರೆ ಎಲ್ಲರೂ ಪಿಡಿ ಅನ್ನುವವರಿಗೆ ಬರೆಯಬೇಕು. ಹೆಸರು, ಹುಟ್ಟಿದ ದಿನಾಂಕ, ಆಡುವ ಜಾಗ, ಆಡಿದ ಮಟ್ಟ, ಪ್ರಥಮ ಪಿಯುಸಿ ಅಂಕ, ಯಾವ ಕೋರ್ಸ್ ಬೇಕು, ನನಗೆ ತರಬೇತಿ ಕೊಟ್ಟ ಸರ್ ಅವರ ಫೋನ್ ನಂಬರ್. ಇಷ್ಟೇ, ಒಂದು ಪುಟ ಮೀರಲಿಲ್ಲ. ಹುಟ್ಟಿದ ದಿನಾಂಕ ಯಾಕೆಂದರೆ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ವಯಸ್ಸಿನ ಮಿತಿ ಇದೆ. ಇನ್ನೆಷ್ಟು ವರ್ಷ ಆಡಬಲ್ಲಳು ಎಂದು ಅವರು ಮೊದಲು ನೋಡುವುದೇ ಅದನ್ನು.

ಜೊತೆಗೆ ವಿಡಿಯೊ. ಪೊನ್ನಂಪೇಟೆಯಲ್ಲಿ ಆಡಿದ ಒಂದು ಪಂದ್ಯವನ್ನು ಗೆಳತಿ ಗ್ಯಾಲರಿಯ ಮೇಲಿನ ಮೆಟ್ಟಿಲಿನಿಂದ ಫೋನ್‌ನಲ್ಲಿ ಹಿಡಿದಳು. ಎತ್ತರದಿಂದ ಹಿಡಿದರೆ ಮಾತ್ರ ಚೆಂಡು ಇಲ್ಲದಾಗ ನಾನು ಎಲ್ಲಿ ನಿಲ್ಲುತ್ತೇನೆ ಎಂಬುದು ಕಾಣುತ್ತದೆ. ನಾನು ಲೆಫ್ಟ್ ಹಾಫ್, ಅಂದರೆ ಎಡಬದಿಯಲ್ಲಿ ಡಿಫೆನ್ಸ್‌ಗೆ ನೆರವಾಗುತ್ತಾ ಆಡುವವಳು. ಗೋಲುಗಳನ್ನು ಆರಿಸಿ ಹಾಡು ಹಾಕಿ ಅಂಟಿಸಿದ ವಿಡಿಯೊದಿಂದ ನನ್ನ ಜಾಗದವರಿಗೆ ಪ್ರಯೋಜನವಿಲ್ಲ. ಕತ್ತರಿ ಹಾಕದ ಹದಿನೈದು ನಿಮಿಷದ ಒಂದು ಇಡೀ ಕ್ವಾರ್ಟರ್ ಕಳಿಸಿದೆ, ನನ್ನ ಜೆರ್ಸಿ ನಂಬರ್ ಬರೆದು. ಅದರಲ್ಲಿ ಒಂದು ಪಾಸ್ ತಪ್ಪುತ್ತದೆ, ಕೂಡಲೇ ನಾನು ಹಿಂದಕ್ಕೆ ಓಡಿ ಅದೇ ಚೆಂಡನ್ನು ಕಸಿದುಕೊಳ್ಳುತ್ತೇನೆ. ನನ್ನನ್ನು ಟ್ರಯಲ್ಸ್‌ಗೆ ಕರೆದ ಪಿಡಿ ಸರ್ ಆ ಭಾಗವನ್ನೇ ಮತ್ತೆ ಮತ್ತೆ ನೋಡಿದೆ ಎಂದರು. ನಮ್ಮೂರಿನಲ್ಲಿ ವಿಡಿಯೊ ಅಪ್‌ಲೋಡ್ ಆಗುವುದಿಲ್ಲವಾದ್ದರಿಂದ ಗೋಣಿಕೊಪ್ಪದವರೆಗೆ ಬಂದು ಕಳಿಸುತ್ತಿದ್ದೆ.

ಫೋನ್ ಸಿಕ್ಕಾಗ ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆ: “ಸರ್, ಈ ವರ್ಷ ಡಿಗ್ರಿ ಮುಗಿಸಿ ಹೋಗುವವರಲ್ಲಿ ಡಿಫೆನ್ಸ್‌ನವರು ಇದ್ದಾರಾ?” ಫಾರ್ವರ್ಡ್‌ಗಳು ಎಲ್ಲ ಕಡೆ ಬೇಕಾದಷ್ಟು ಸಿಗುತ್ತಾರೆ. ಖಾಲಿಯಾಗುವ ಜಾಗ ನಮ್ಮದಾಗಿದ್ದರೆ ಸಾಧಾರಣ ಸರ್ಟಿಫಿಕೇಟ್ ಇದ್ದರೂ ಕರೆ ಬರುತ್ತದೆ. ಇದಕ್ಕಿಂತ ಉಪಯೋಗದ ಮಾತು ನನಗೆ ಗೊತ್ತಿಲ್ಲ.

ಟ್ರಯಲ್ಸ್‌ಗೆ ಅವ್ವನ ಜೊತೆ ತಿತಿಮತಿ, ಹುಣಸೂರು ದಾರಿಯಾಗಿ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ, ಹಿಂದಿನ ದಿನವೇ ಹೋಗಿ ಉಳಿದೆವು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಕಾಲಿಗೆ ಬೀಪ್ ಟೆಸ್ಟ್, ಅಂದರೆ ಬೀಪ್ ಸದ್ದಿಗೆ ಸರಿಯಾಗಿ ವೇಗ ಹೆಚ್ಚಿಸುತ್ತಾ ಅತ್ತಿತ್ತ ಓಡುವ ಪರೀಕ್ಷೆ, ಆಗದು. ಮೊದಲು ಆ ಓಟ, ಆಮೇಲೆ ಟ್ರ್ಯಾಪ್ (ಬಂದ ಚೆಂಡನ್ನು ನಿಲ್ಲಿಸುವುದು), ಪುಶ್ (ಚೆಂಡನ್ನು ಸ್ಟಿಕ್‌ನಿಂದ ತಳ್ಳುವುದು), ಕೊನೆಗೆ ಸಣ್ಣ ತಂಡಗಳ ಆಟ. ನಾನು ಆಟದುದ್ದಕ್ಕೂ ಬಾಯಿ ಬಿಟ್ಟು ಕೂಗಿ ಮುಂದಿನವರನ್ನು ಜಾಗಕ್ಕೆ ನಿಲ್ಲಿಸುತ್ತಿದ್ದೆ. ಹಾಫ್ ಆಡುವವಳು ಮೌನವಾಗಿದ್ದರೆ ಅವಳ ಅರ್ಧ ಆಟ ಕಾಣಿಸುವುದೇ ಇಲ್ಲ.

ಒಂದು ಕಾಲೇಜಿನವರು ಫೀಸು ಪೂರ್ತಿ ಮಾಫಿ ಎಂದು ಬಾಯಲ್ಲಿ ಹೇಳಿ, ದಾಖಲಾತಿಯ ದಿನ ಅರ್ಧ ಕಟ್ಟಿ ಎಂದರು. ಅಪ್ಪ ಒಂದು ಮಾತೂ ಆಡದೆ ಫೈಲ್ ಎತ್ತಿಕೊಂಡು ಹೊರಟರು. ನಾನು ಸೇರಿದ ಕಾಲೇಜಿನಲ್ಲಿ ಎಲ್ಲವನ್ನೂ ಮೊದಲೇ ಕೇಳಿ ಪತ್ರದಲ್ಲಿ ಬರೆಸಿಕೊಂಡೆವು: ಫೀಸು ಎಷ್ಟು, ಹಾಸ್ಟೆಲ್ ಊಟ ಸೇರಿದೆಯೇ, ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ ಸಿಗುತ್ತದೆಯೇ, ಪೆಟ್ಟಾಗಿ ಒಂದು ವರ್ಷ ಆಡಲಾಗದಿದ್ದರೆ ಸೀಟು ಉಳಿಯುತ್ತದೆಯೇ. ಕೊನೆಯದನ್ನು ಕೇಳಲು ಅವ್ವ ಹಿಂಜರಿದರು, ಅಪಶಕುನ ಅಂತ. ನಾನು ಕೇಳಿಯೇಬಿಟ್ಟೆ. ಎರಡನೇ ವರ್ಷ ಕಣಕಾಲು ಉಳುಕಿ ಲೀಗ್ ಪೂರ್ತಿ ಹೊರಗೆ ಕೂತಾಗ ಆ ಪತ್ರ ಕೆಲಸಕ್ಕೆ ಬಂತು.

ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಕಡೆಯ ಒಬ್ಬಳು ಗೋಲ್‌ಕೀಪರ್ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಎದುರು ಆಡಿದ ಕಾಲೇಜುಗಳಲ್ಲಿ ಯಾವ ಕೀಪರ್ ಈ ವರ್ಷ ಮುಗಿಸಿ ಹೋಗುತ್ತಾಳೆ ಎಂದು ಪಂದ್ಯ ಮುಗಿದ ಮೇಲೆ ವಿಚಾರಿಸಿ ಅವಳಿಗೆ ತಿಳಿಸುತ್ತಿದ್ದೇನೆ. ವಿಡಿಯೊ ಗೋಲ್ ಹಿಂದಿನಿಂದ ಬೇಡ, ಪಕ್ಕದಿಂದ ಎತ್ತರದಲ್ಲಿ ಹಿಡಿಸು ಎಂದೂ ಹೇಳಿದ್ದೇನೆ.