ದಾರಿಗೆ ಬೇಲಿ: ಯಾರಿಗೆ ಅರ್ಜಿ ಕೊಡಬೇಕು?

ನಮ್ಮೂರ ಸಾರ್ವಜನಿಕ ದಾರಿಗೆ ಒಬ್ಬರು ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ಗಾಡಿ ಬಿಡಿ, ಎಮ್ಮೆ ಕೂಡ ನುಸುಳುತ್ತಿರಲಿಲ್ಲ. ನಾನು ಸೀದಾ ಡಿಸಿಗೆ ಅರ್ಜಿ ಕೊಟ್ಟೆ. ಜಿಲ್ಲಾ ಮ್ಯಾಜಿಸ್ಟ್ರೇಟ್, ದೊಡ್ಡವರು ಅಲ್ವಾ! ಅದು ಕೆಳಗಿಳಿದು ಬರುವಷ್ಟರಲ್ಲಿ ಎರಡು ತಿಂಗಳು ಸುಮ್ನೆ ಹೋಯಿತು.

ಆಮೇಲೆ ಗೊತ್ತಾಯಿತು: ತಹಶೀಲ್ದಾರರು ತಾಲ್ಲೂಕು ಮ್ಯಾಜಿಸ್ಟ್ರೇಟ್, ಅವರ ಮೇಲೆ ಉಪವಿಭಾಗದ ಮ್ಯಾಜಿಸ್ಟ್ರೇಟ್ ಆದ ಎಸಿ (ಸಹಾಯಕ ಆಯುಕ್ತರು), ಇಬ್ಬರೂ ಡಿಸಿ ಕೈಕೆಳಗೆ. ದಾರಿ ತೆರವಿಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 133. ಆ ಅಧಿಕಾರ ಡಿಸಿ, ಎಸಿಗೆ ನೇರವಾಗಿದೆ. ತಹಶೀಲ್ದಾರರಿಗಾದರೆ ಸರ್ಕಾರ ವಿಶೇಷವಾಗಿ ಕೊಟ್ಟಿರಬೇಕು.

ಗ್ರಾಮ ನಕ್ಷೆ, ಫೋಟೋ ಲಗತ್ತಿಸಿ ಎಸಿಗೆ ಹೊಸದಾಗಿ ಬರೆದೆ. ತಹಶೀಲ್ದಾರರಿಂದ ಸ್ಥಳದ ವರದಿ ತರಿಸಿಕೊಂಡು ಆದೇಶ ಹೊರಡಿಸಿದರು. ತಂತಿ ಹೋಯಿತು. ಅಂಚಿನ ಕಂಬವೊಂದು ಉಳಿದಿದೆ. ಎಮ್ಮೆ ಅದಕ್ಕೆ ಮೈ ಉಜ್ಜಿಕೊಳ್ಳುತ್ತದೆ.