ಪಿನ್‌ಕೋಡ್ ಒಡೆಯುವುದು ಹೇಗೆ? ಕಾರವಾರ ಸಲೀಸು, ಶಿರಸಿ ಕಬ್ಬಿಣದ ಕಡಲೆ

ಕಾರವಾರದ ಪಿನ್‌ಕೋಡ್ 581301, ಶಿರಸಿಯದು 581401. ನಡುವೆ ಬರೀ ನೂರರ ಅಂತರ. ಆದರೆ ಇವನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲು ಕೂತರೆ ಘಟ್ಟದ ಕೆಳಗಿನದು ಒಂದು ಥರ, ಮೇಲಿನದು ಇನ್ನೊಂದೇ ಥರ. ಪೆನ್ನು, ಹಾಳೆ, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಕಾರವಾರ. ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಬಿಟ್ಟುಬಿಡಿ. ಅಂಕಿಗಳನ್ನು ಕೂಡಿ: 5+8+1+3+0+1 = 18. ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ ಆಗುತ್ತದೆ. 581301 ÷ 9 = 64589.

ಮುಂದೆ 7. ಇದರ ಸೂತ್ರ ನೆನಪಿಡುವುದು ಕಷ್ಟ. 581ರ ಪಿನ್‌ಕೋಡ್ ಇರುವ ನಮಗೆ ಅದರ ಗೊಡವೆಯೂ ಬೇಡ. 581 ಅಂದರೆ 7×83. ಹಾಗಾದರೆ 581000 ಹೇಗೂ 7ರಿಂದ ಭಾಗವಾಗುತ್ತದೆ, ಕೊನೆಯ ಮೂರು ಅಂಕಿ ನೋಡಿದರೆ ಮುಗಿಯಿತು. ಕಾರವಾರದ 301 = 7×43, ಪಾಸ್. ಕುಮಟಾದ 581343 ಕೂಡ ಪಾಸ್. 343 ಅಂದರೆ 7×7×7 ಅಲ್ವಾ!

64589 ÷ 7 = 9227. ಎಲ್ಲಿಯವರೆಗೆ ಭಾಗಿಸುತ್ತ ಹೋಗಬೇಕು? ವರ್ಗಮೂಲದವರೆಗೆ ಸಾಕು. ಅದಕ್ಕಿಂತ ದೊಡ್ಡದು ಭಾಗಿಸುವುದಾದರೆ ಅದರ ಜೋಡಿ ಚಿಕ್ಕದೇ ಇರಬೇಕು, ಅದು ಮೊದಲೇ ಸಿಕ್ಕಿರುತ್ತಿತ್ತು. 9227ರ ವರ್ಗಮೂಲ 96ಕ್ಕಿಂತ ಚೂರು ಜಾಸ್ತಿ. 89ರವರೆಗಿನ ಯಾವ ಅವಿಭಾಜ್ಯ ಸಂಖ್ಯೆಯೂ ಅದನ್ನು ಭಾಗಿಸುವುದಿಲ್ಲ. ಉತ್ತರ: 3×3×7×9227.

ಈಗ ಶಿರಸಿ. ಅಂಕಿಗಳ ಮೊತ್ತ 19, ಆದ್ದರಿಂದ 3 ಆಗದು. 401 ಭಾಗವಾಗದ ಕಾರಣ 7 ಕೂಡ ಇಲ್ಲ. 17ಕ್ಕೂ 19ಕ್ಕೂ ಒಂದೊಂದೇ ಶೇಷ. ಹೊಟ್ಟೆ ಉರಿಸಲಿಕ್ಕೇ ಇಟ್ಟ ಹಾಗಿದೆ. ಬಿಡದೆ ಹೋಗಿ. 82ನೆಯ ಅವಿಭಾಜ್ಯ ಸಂಖ್ಯೆ 421ಕ್ಕೆ ಬಂದಾಗ ಒಡೆಯುತ್ತದೆ: 421×1381. ಎರಡೂ ಅವಿಭಾಜ್ಯ. ಆನ್‌ಲೈನ್ ಬೀಗಗಳಲ್ಲಿ ಬಳಸುವ ಆರ್‌ಎಸ್‌ಎ ಪದ್ಧತಿ ನಿಂತಿರುವುದೂ ಈ ಪೇಚಾಟದ ಮೇಲೆಯೇ. ಅಲ್ಲಿ ಗುಣಲಬ್ಧಕ್ಕೆ ಆರುನೂರಕ್ಕೂ ಹೆಚ್ಚು ಅಂಕಿ ಇರುತ್ತವೆ, ಅಷ್ಟೇ.

ನನಗೆ ಇಷ್ಟವಾದದ್ದು ಇದರ ಮುಂದಿನ ಹೆಜ್ಜೆ. 421 ಮತ್ತು 1381 ಎರಡನ್ನೂ 4ರಿಂದ ಭಾಗಿಸಿ, ಶೇಷ 1. ಇಂಥ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು ಎಂದು 17ನೇ ಶತಮಾನದಲ್ಲಿ ಫರ್ಮಾ ಹೇಳಿದ, 18ನೇ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. 421 = 15²+14². 1381 = 34²+15². ಇವನ್ನು ಗುಣಿಸಿದಾಗ ಶಿರಸಿಗೆ ಎರಡು ರೂಪ ಸಿಗುತ್ತವೆ: 720²+251², ಮತ್ತೆ 701²+300². ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿ.

ಕಾರವಾರಕ್ಕೆ ಈ ಭಾಗ್ಯವಿಲ್ಲ. ಯಾವುದೇ ವರ್ಗವನ್ನು 7ರಿಂದ ಭಾಗಿಸಿದರೆ ಶೇಷ 0, 1, 2 ಅಥವಾ 4 ಮಾತ್ರ. ಇವುಗಳಲ್ಲಿ ಎರಡನ್ನು ಕೂಡಿ 7ರಿಂದ ಭಾಗವಾಗುವ ಮೊತ್ತ ಬರಬೇಕಾದರೆ ಎರಡೂ 0 ಆಗಿರಬೇಕು. ಆಗ ಎರಡೂ ವರ್ಗಗಳು 49ರಿಂದ ಭಾಗವಾಗುತ್ತವೆ, ಮೊತ್ತವೂ ಆಗಲೇಬೇಕು. ಆದರೆ 581301ರಲ್ಲಿ 7 ಇರುವುದು ಒಂದೇ ಸಲ.